ಓಸ್ಲೋದಲ್ಲಿ ಅಮ್ಮ ಕಂಡ ಮೇಳ

"ಇವ್ನು ಮೊನ್ನೆ ರಾಜಕುಮಾರ ಆಗಿದ್ದವ್ನಲ್ವೇನೆ?"

ಅಮ್ಮ ಹೀಗೆ ಕೇಳಿದಾಗ ಟಿವಿಯಲ್ಲಿ ಒಬ್ಬ ದಪ್ಪ ಮನುಷ್ಯ ಸ್ಟೇರಿಂಗ್ ಹಿಡಿದು ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಮುಖ ಊದಿಸಿಕೊಂಡ ಮಗಳು. ಮಾತು ಪೂರ್ತಿ ನಾರ್ವೇಜಿಯನ್. ಅಮ್ಮನಿಗೆ ಅದರ ಒಂದಕ್ಷರ ಗೊತ್ತಿಲ್ಲ. ಸಬ್‌ಟೈಟಲ್ ಇಂಗ್ಲಿಷ್, ಅದನ್ನೂ ಅಮ್ಮ ಓದುವುದಿಲ್ಲ. ನಾನು ಹತ್ತು ವರ್ಷದಿಂದ ಈ ಊರಲ್ಲಿದ್ದೇನೆ, ನನಗೆ ಗೊತ್ತಾಗಿರಲಿಲ್ಲ. ಫೋನ್ ತೆಗೆದು ಹುಡುಕಿದೆ. ಹೌದು, ಅವನೇ.

ಅಮ್ಮ ತೀರ್ಥಹಳ್ಳಿಯಿಂದ ಬಂದದ್ದು ನವೆಂಬರ್ ಕೊನೆಯಲ್ಲಿ. ಬೇಸಿಗೆಯಲ್ಲಿ ಬಾ ಎಂದರೆ ತೋಟದ ಕೆಲಸ, ಮದುವೆ ಮನೆ, ಏನೋ ಒಂದು ನೆಪ. ಕಡೆಗೆ ಬಂದದ್ದು ಕತ್ತಲೆ ಕಾಲದಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿದರೆ ಸೂರ್ಯ ಹೊರಟ. ಹೊರಗೆ ಹೋದರೆ ಜಾರುವ ಹಿಮ. ಹಾಗಾಗಿ ಮೂರು ತಿಂಗಳು ಅಮ್ಮ ಮತ್ತು ಆರು ವರ್ಷದ ನನ್ನ ಮಗಳು ಸೋಫಾದ ಮೇಲೆ ಒಂದೇ ಕಂಬಳಿ ಹೊದ್ದು ಸಿನಿಮಾ ನೋಡಿದರು. ಅದೂ ನಾರ್ವೆಯ ಮಕ್ಕಳ, ಮನೆಮಂದಿಯ ಹಾಸ್ಯ ಚಿತ್ರಗಳು. ಮಗಳು ಆಗಾಗ ಅನುವಾದ ಮಾಡುತ್ತಿದ್ದಳು. ಅವಳ ಕನ್ನಡಕ್ಕೆ ಬಂದಷ್ಟು.

ಕಾರು ಓಡಿಸುತ್ತಿದ್ದವನ ಹೆಸರು ಆಂಡರ್ಸ್ ಬೋಸ್ಮೊ. ಚಿತ್ರ 2014ರ 'ಬೋರ್ನಿಂಗ್'. ಟೈರು ಸುಟ್ಟುಹೋಗುವ ಹಾಗೆ ಕಾರು ಓಡಿಸುವುದಕ್ಕೆ ಇಲ್ಲಿನ ಪಡ್ಡೆಗಳ ಮಾತು ಅದು. ಓಸ್ಲೋದಿಂದ ಉತ್ತರದ ತುತ್ತತುದಿ ನೂರ್‌ಕಾಪ್‌ವರೆಗೆ, ಸುಮಾರು 2000 ಕಿಲೋಮೀಟರು, ಕದ್ದುಮುಚ್ಚಿ ಒಂದು ರೇಸು. ಅಪ್ಪನಿಗೆ ರೇಸಿನ ಹುಚ್ಚು, ಅವತ್ತೇ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾದ ಫಜೀತಿ. ಇಲ್ಲಿಯ ಸಾಮಾನ್ಯ ಹೆದ್ದಾರಿಯಲ್ಲಿ ವೇಗದ ಮಿತಿ 80. ದಾಟಿದರೆ ದಂಡದ ಮೊತ್ತ ನೋಡಿ ಎದೆ ಧಸಕ್ ಅನ್ನುತ್ತದೆ. ಅಂಥ ಶಿಸ್ತಿನ ಜನ ಥಿಯೇಟರಿನಲ್ಲಿ ಕೂತು ಇದನ್ನು ನೋಡಿ ಕೇಕೆ ಹಾಕಿದರು ಎಂದರೆ ಆಶ್ಚರ್ಯ ಏನಿಲ್ಲ ಬಿಡಿ.

ಅಮ್ಮ ಹೇಳಿದ ರಾಜಕುಮಾರ ಬೇರೆ ಚಿತ್ರದವನು. 1940ರಲ್ಲಿ ಜರ್ಮನ್ನರು ನಾರ್ವೆಗೆ ನುಗ್ಗಿದಾಗಿನ ಕತೆ, 'ಕೊಂಗೆನ್ಸ್ ನೈ', ಅಂದರೆ ರಾಜನ ನಿರಾಕರಣೆ. ಹಾಸ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದು ರಾತ್ರಿ ಮಗಳು ಮಲಗಿದ ಮೇಲೆ ನಾವು ನೋಡಿದ್ದೆವು. ಅದರಲ್ಲಿ ಯುವರಾಜ ಊಲಾವ್ ಪಾತ್ರ ಇದೇ ಬೋಸ್ಮೊದು. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. "ಆ ಕೆಂಪು ಟೋಪಿ, ಗಡ್ಡದವ್ನೂ ಇವ್ನೇ. ಕಣ್ಣು ನೋಡು."

ಅದೂ ಸರಿ. ಆಲ್ಫ್ ಪ್ರೋಯ್ಸನ್ ಎಂಬ ಇಲ್ಲಿನ ಮನೆಮಾತಾದ ಲೇಖಕನ ಒಂದು ಕ್ರಿಸ್‌ಮಸ್ ಕತೆ ಇದೆ. ಬಡಗಿ ಆಂಡರ್ಸನ್ ಮಕ್ಕಳಿಗೋಸ್ಕರ ಯೂಲೆನಿಸ್ಸೆ ವೇಷ ಹಾಕಿಕೊಂಡು ಹೊರಟವನು, ದಾರಿಯಲ್ಲಿ ನಿಜವಾದ ಯೂಲೆನಿಸ್ಸೆಗೇ ಡಿಕ್ಕಿ ಹೊಡೆಯುತ್ತಾನೆ. ಯೂಲೆನಿಸ್ಸೆ ಅಂದರೆ ಇವರ ಸಾಂತಾ ಕ್ಲಾಸ್. ಇಬ್ಬರೂ ಮನೆ ಅದಲು ಬದಲು ಮಾಡಿಕೊಳ್ಳುತ್ತಾರೆ. ನೀನು ನನ್ನ ಮಕ್ಕಳಿಗೆ, ನಾನು ನಿನ್ನ ಮಕ್ಕಳಿಗೆ. ಈ ಚಿತ್ರ ಬಂದದ್ದು 2016ರಲ್ಲಿ. ಬೋಸ್ಮೊ ಯೂಲೆನಿಸ್ಸೆ. ಬಡಗಿಯಾಗಿ ತ್ರೂನ್ ಎಸ್ಪೆನ್ ಸೈಮ್. ಈತ ಅದಕ್ಕೆ ಮೊದಲು ವರ್ಗ್ ವೇಯುಮ್ ಎಂಬ ಖಾಸಗಿ ಪತ್ತೇದಾರನಾಗಿ ಮಳೆಯಲ್ಲಿ ನೆನೆಯುತ್ತಾ ಬೆರ್ಗೆನ್ ಊರಿನ ಕೊಲೆಗಳನ್ನು ಹುಡುಕುತ್ತಿದ್ದ. ಯುವರಾಜನ ಚಿತ್ರ ಕೂಡ 2016ರದ್ದೇ. 'ಬೋರ್ನಿಂಗ್' ಎರಡನೇ ಭಾಗವೂ ಅದೇ ವರ್ಷದ್ದು. ಒಂದೇ ವರ್ಷದಲ್ಲಿ ಒಬ್ಬನೇ ಯುವರಾಜ, ಸಾಂತಾ, ರೇಸಿನ ಹುಚ್ಚ!

"ಇದೇನು ದೊಡ್ಡ ವಿಷ್ಯ?" ಎಂದರು ಅಮ್ಮ. "ಯಕ್ಷಗಾನ ಮೇಳದಲ್ಲಿ ಇರೋದೇ ಹತ್ತು ಹದಿನೈದು ಜನ. ಒಂಬತ್ತು ಗಂಟೆಗೆ ದೇವೇಂದ್ರನ ಬಲ ಆದವ್ನು ಬೆಳಗಿನ ಜಾವ ರಾಕ್ಷಸನ ದೂತ. ವೇಷ ಬದಲಾದ್ರೂ ಹೆಜ್ಜೆ ಬದಲಾಗುತ್ತಾ?"

ಹೌದಲ್ವಾ. ಈ ದೇಶದ ಜನಸಂಖ್ಯೆ 55 ಲಕ್ಷದ ಆಸುಪಾಸು. ಬೆಂಗಳೂರಿನ ಅರ್ಧವೂ ಇಲ್ಲ. ಇಷ್ಟು ಜನರಲ್ಲಿ ಎಷ್ಟು ನಟರು ಹುಟ್ಟಬೇಕು? ಇದ್ದವರೇ ನಾಟಕಕ್ಕೂ ಬೇಕು, ಸಿನಿಮಾಕ್ಕೂ ಬೇಕು, ಕಾರ್ಟೂನಿಗೆ ದನಿ ಕೊಡುವುದಕ್ಕೂ ಬೇಕು. ಇಲ್ಲಿ ದೊಡ್ಡವರ ಪರಭಾಷೆ ಚಿತ್ರಗಳಿಗೆ ಸಬ್‌ಟೈಟಲ್, ಪುಟ್ಟ ಮಕ್ಕಳ ಚಿತ್ರಗಳಿಗೆ ಮಾತ್ರ ಡಬ್ಬಿಂಗ್. ಓದಲು ಬರದ ಮಗುವಿಗೆ ಅದರ ಭಾಷೆಯಲ್ಲೇ ಹೇಳಬೇಕು, ಅಷ್ಟೇ ಲೆಕ್ಕ. ಡಬ್ಬಿಂಗ್ ಬೇಕೋ ಬೇಡವೋ ಎಂದು ನಮ್ಮಲ್ಲಿ ದಶಕಗಳ ಕಾಲ ನಡೆದ ಜಗಳ ನೆನಪಾಗಿ ನನಗೆ ನಗು ಬಂತು.

ಮಗಳ ಮೊದಲ ಆಯ್ಕೆ ಯಾವಾಗಲೂ 'ಡಾಕ್ಟರ್ ಪ್ರೊಕ್ಟರ್'. ನಮ್ಮೂರಿನ ವಿಮಾನ ನಿಲ್ದಾಣದ ಪುಸ್ತಕದಂಗಡಿಯಲ್ಲೂ ಕಾಣುವ ಹೆಸರು ಯೂ ನೆಸ್ಬೊ. ರಕ್ತ ಹೆಪ್ಪುಗಟ್ಟಿಸುವ ಕೊಲೆ ಕಾದಂಬರಿಗಳ ಲೇಖಕ. ಆ ಮನುಷ್ಯ ಮಕ್ಕಳಿಗೆಂದು ಬರೆದದ್ದು ಯಾವುದರ ಬಗ್ಗೆ ಗೊತ್ತೇ? ಹೂಸಿನ ಪುಡಿ. ಹೌದು, ತಪ್ಪು ಓದಲಿಲ್ಲ ನೀವು. ಒಬ್ಬ ಅರೆಹುಚ್ಚ ವಿಜ್ಞಾನಿ ಒಂದು ಪುಡಿ ಕಂಡುಹಿಡಿಯುತ್ತಾನೆ. ಒಂದು ಚಮಚ ತಿಂದರೆ ಢಂ! ನೆರೆಮನೆಯ ಲೀಸೆ ಮತ್ತು ಬುಲ್ಲೆ ಎಂಬ ಎರಡು ಮಕ್ಕಳು ಅವನ ಜೊತೆಗಾರರು. 2014ರಲ್ಲಿ ಇದು ಸಿನಿಮಾ ಆಯಿತು. ವಿಜ್ಞಾನಿ ಕ್ರಿಸ್ಟೋಫರ್ ಯೂನರ್, ಪುಡಿಯ ಮೇಲೆ ಕಣ್ಣು ಹಾಕುವ ದುಷ್ಟ ನೆರೆಯವ ಆಟ್ಲೆ ಆಂಟೊನ್ಸನ್.

ಮಗಳು "ಅಜ್ಜಿ, ಇದು ಹೂಸಿನ ಪುಡಿ" ಎಂದು ಗಂಭೀರವಾಗಿ ಅನುವಾದಿಸಿದಾಗ ಅಮ್ಮ ಬಾಯಿಗೆ ಸೆರಗು ಒತ್ತಿ ನಕ್ಕದ್ದು ನೋಡಬೇಕಿತ್ತು. ಕಣ್ಣಲ್ಲಿ ನೀರು. ನಂತರ ಒಂದು ವಾರ ಮನೆಯಲ್ಲಿ ಯಾರು ಸಾರಿನ ಪುಡಿ ಡಬ್ಬಿ ಮುಟ್ಟಿದರೂ ಅಜ್ಜಿ ಮೊಮ್ಮಗಳು ಮುಖ ಮುಖ ನೋಡಿಕೊಂಡು ಕಿಸಕ್ ಎನ್ನುವುದೇ.

ಆಮೇಲೊಮ್ಮೆ 2015ರ 'ಬೋಲ್ಗೆನ್' ಹಾಕಿದೆ. ಬೆಟ್ಟ ಕುಸಿದು ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲ ತೋಳಿನ, ನೀರು ಎದ್ದು ಗೈರಾಂಗರ್ ಎಂಬ ಊರನ್ನೇ ನುಂಗುವ ಚಿತ್ರ. ಭೂವಿಜ್ಞಾನಿ ತಂದೆ ಹೆಂಡತಿ ಮಕ್ಕಳಿಗಾಗಿ ಒದ್ದಾಡುತ್ತಾನೆ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಮ್ಮ ಮೆಲ್ಲಗೆ, "ಪಾಪ, ಹೂಸಿನ ಡಾಕ್ಟ್ರು" ಎಂದರು. ಆ ಚಿತ್ರದ ಭಯ ಅಲ್ಲಿಗೇ ಇಳಿಯಿತು.

ಎಲ್ಲವೂ ಅಮ್ಮನಿಗೆ ಹಿಡಿಸಿತು ಎಂದಲ್ಲ. 'ಕಾರ್ಸ್ಟೆನ್ ಮತ್ತು ಪೆತ್ರಾ' ಸರಣಿ ಇದೆ, 2013ರಿಂದ ಶುರುವಾದದ್ದು. ಬಾರ್ನೆಹಾಗೆ, ಅಂದರೆ ಇಲ್ಲಿನ ಶಿಶುವಿಹಾರದ ಇಬ್ಬರು ಗೆಳೆಯರ ಕತೆ. ಅವರ ಕೈಯಲ್ಲಿ ಒಂದು ಬಟ್ಟೆ ಸಿಂಹದ ಮರಿ, ಒಂದು ಬಟ್ಟೆ ಮೊಲ. ಅದರಲ್ಲಿ ಕಷ್ಟ ಎಂದರೆ ಗೆಳತಿ ಮುನಿಸಿಕೊಂಡಳು ಅನ್ನುವಷ್ಟೇ. ಪುಟ್ಟ ಮಕ್ಕಳ ಮಟ್ಟಿಗೆ ಅದು ಬಂಗಾರ. ಅಮ್ಮ ಹತ್ತೇ ನಿಮಿಷಕ್ಕೆ ಗೊರಕೆ.

ಅಮ್ಮ ನಿಜವಾಗಿ ಮನಸೋತದ್ದು ಹಳೆಯ ಕಳ್ಳರ ಗುಂಪಿಗೆ. 'ಓಲ್ಸೆನ್‌ಬಾಂಡೆನ್', ಓಲ್ಸೆನ್ ಗ್ಯಾಂಗು. ಮೂಲ ಡೆನ್ಮಾರ್ಕಿನದು, 1968ರದ್ದು. ಮರುವರ್ಷವೇ ನಾರ್ವೆಯವರು ತಮ್ಮ ನಟರನ್ನು ಹಾಕಿ ಮಾಡಿಕೊಂಡರು. ರಿಮೇಕು ಎಂದರೆ ನಾವು ಮೂಗು ಮುರಿಯುತ್ತೇವಲ್ಲ, ಇಲ್ಲಿ ಕೇಳಿದರೆ ಅದು ಅಪ್ಪಟ ನಾರ್ವೆಯದೇ ಎನ್ನುತ್ತಾರೆ. ಅಷ್ಟು ಒಳಗಿಳಿದಿದೆ. ಎಗೊನ್ ಓಲ್ಸೆನ್ ಗುಂಪಿನ ಮುಖಂಡ. ತಲೆ ಮೇಲೆ ದುಂಡು ಟೋಪಿ, ಬಾಯಲ್ಲಿ ಚುಟ್ಟ. ಚಿತ್ರ ಶುರುವಾದರೆ ಜೈಲಿನ ಬಾಗಿಲಿಂದ ಹೊರಗೆ ಬರುತ್ತಾನೆ. ಹೊರಗೆ ಬೆನ್ನಿ, ಶೆಲ್ ಇಬ್ಬರೂ ಕಾಯುತ್ತಿರುತ್ತಾರೆ. ತನ್ನ ಹತ್ತಿರ ಒಂದು ಪ್ಲಾನ್ ಇದೆ ಎನ್ನುತ್ತಾನೆ. ಪ್ಲಾನ್ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ನಿಮಿಷ ನಿಮಿಷಕ್ಕೆ ಲೆಕ್ಕ. ಆದರೆ ಎಲ್ಲೋ ಒಂದು ಎಡವಟ್ಟು. ಹೆಚ್ಚುಕಡಿಮೆ ಪ್ರತಿ ಸಲವೂ ಕೊನೆಯಲ್ಲಿ ಎಗೊನ್ ವಾಪಸ್ ಜೈಲಿಗೆ. 1969ರಿಂದ 1984ರವರೆಗೆ ಇದೇ ಆಟ. ಮತ್ತೆ 1999ರಲ್ಲಿ ಕೊನೆಯದೊಂದು. ಯಾರಿಗೂ ಬೇಜಾರಾಗಲಿಲ್ಲ.

ಎಗೊನ್ ಆಗಿದ್ದವರು ಆರ್ವೆ ಓಪ್ಸಾಲ್. ಬೆನ್ನಿ ಸ್ವೆರ್ರೆ ಹೋಲ್ಮ್, ಶೆಲ್ ಕಾರ್ಸ್ಟೆನ್ ಬೀರಿಂಗ್. ಆದರೆ ಅಮ್ಮನ ಕಣ್ಣು ಶೆಲ್‌ನ ಹೆಂಡತಿ ವಾಲ್ಬೊರ್ಗ್ ಮೇಲೆ. ಗಂಡ ಕಳ್ಳ ಎಂಬ ಬೇಸರ ಅವಳಿಗಿಲ್ಲ, ಕದ್ದು ದುಡ್ಡು ತರುವುದಿಲ್ಲವಲ್ಲ ಎಂಬುದೇ ಬೇಸರ. ಆ ಕೀರಲು ಗಂಟಲು, ಆ ಹ್ಯಾಟು, ಗಂಡನ ಕಡೆ ಬಿಡುವ ಆ ಒಂದು ನೋಟ! "ನಮ್ಮ ಉಮಾಶ್ರೀನೇ ಸೈ" ಎಂದು ಅಮ್ಮನ ಸರ್ಟಿಫಿಕೇಟು. ಆಡ್ ಶೋನೆಮಾನ್ ಎಂಬ ಈ ನಟಿ 1922ರಲ್ಲಿ ಹುಟ್ಟಿದವರು, 2006ರಲ್ಲಿ ತೀರಿಕೊಂಡರು. 1972ರಲ್ಲಿ ಶುರುವಾದ 'ಫ್ಲೆಕ್ಸ್‌ನೆಸ್' ಎಂಬ ಟಿವಿ ಹಾಸ್ಯದಲ್ಲಿ ರೋಲ್ವ್ ವೆಸೆನ್‌ಲುಂಡ್‌ಗೆ ಅಮ್ಮನಾದದ್ದೂ ಇವರೇ. ಅಲ್ಲಿ ಮಗನನ್ನು ಬಯ್ದರು, ಇಲ್ಲಿ ಗಂಡನನ್ನು. 2003ರಿಂದ ಈ ಗ್ಯಾಂಗಿನವರ ಬಾಲ್ಯದ ಕತೆ ಎಂದು 'ಓಲ್ಸೆನ್‌ಬಾಂಡೆನ್ ಜೂನಿಯರ್' ಚಿತ್ರಗಳೂ ಬಂದವು. ಮಗಳಿಗೆ ಇಷ್ಟ. ನನಗೆ ಅಷ್ಟಕ್ಕಷ್ಟೆ. ವಾಲ್ಬೊರ್ಗ್ ಕಿರುಚದಿದ್ದರೆ ಏನು ಮಜಾ?

'ಫ್ಲೋಕ್ಲೀಪಾ ಗ್ರಾನ್ ಪ್ರೀ' ಬಗ್ಗೆ ಹೇಳದಿದ್ದರೆ ಇಲ್ಲಿನ ಸ್ನೇಹಿತರು ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ. 1975ರ ಗೊಂಬೆ ಚಿತ್ರ. ಈವೊ ಕಾಪ್ರೀನೊ ಮತ್ತು ಒಂದು ಪುಟ್ಟ ತಂಡ ಮೂರು ವರ್ಷಕ್ಕೂ ಜಾಸ್ತಿ ಕೂತು, ಗೊಂಬೆಗಳನ್ನು ಚೂರು ಚೂರೇ ಸರಿಸಿ ಚಿತ್ರ ತೆಗೆದರು. ಗುಡ್ಡದ ಊರಿನ ಒಬ್ಬ ಸೈಕಲ್ ರಿಪೇರಿ ಮುದುಕ ತನ್ನ ಕೈಯಾರೆ ರೇಸ್ ಕಾರು ಕಟ್ಟುತ್ತಾನೆ, ಅವನ ಐಡಿಯಾ ಕದ್ದ ಹಳೇ ಶಿಷ್ಯನ ಎದುರೇ ರೇಸಿಗೆ ಇಳಿಯುತ್ತಾನೆ. ಜೊತೆಗೆ ಸೂಲಾನ್ ಎಂಬ ಹಕ್ಕಿ, ಲುಡ್ವಿಗ್ ಎಂಬ ಮುಳ್ಳುಹಂದಿ. ಹಕ್ಕಿಗೆ ಎಲ್ಲವೂ ಸುಲಭ, ಲುಡ್ವಿಗ್‌ಗೆ ಎಲ್ಲದಕ್ಕೂ ಭಯ. ಆಗ ದೇಶದ ಜನಸಂಖ್ಯೆ ಸುಮಾರು 40 ಲಕ್ಷ. ಇಲ್ಲಿಯವರೆಗೆ ಮಾರಾಟವಾದ ಟಿಕೆಟು 50 ಲಕ್ಷ ದಾಟಿದೆ. ಲುಡ್ವಿಗ್ ಹೆದರುವುದು ನೋಡಿ ಅಮ್ಮ ನಮ್ಮಪ್ಪನ ಹೆಸರು ಹೇಳಿದರು. ವಿಮಾನ ಹತ್ತಲು ಹೆದರಿ ಊರಲ್ಲೇ ಉಳಿದವರು ಅವರು.

ಕತೆ ಹೇಳುವ ದನಿ ಲೈಫ್ ಯುಸ್ಟರ್‌ದು. ಉದ್ದನೆಯ ಸಪೂರ ನಟ. 1957ರ 'ಫ್ಯೋಲ್ಸ್ ತಿಲ್ ಫ್ಯೆಲ್ಸ್'ನಲ್ಲಿ ಬೆಟ್ಟದ ಮೇಲಿನ ಹೋಟೆಲಿನ ಪೋರ್ಟರಾಗಿ ಕೈಕಾಲು ಎಲ್ಲೆಲ್ಲೋ ಬೀಸುತ್ತಾ ಓಡಾಡುವವರು ಇವರೇ. ಅದನ್ನು ನಿರ್ದೇಶಿಸಿದ್ದು ಎಡಿತ್ ಕಾರ್ಲ್‌ಮಾರ್, ಈ ದೇಶದ ಮೊದಲ ಮಹಿಳಾ ನಿರ್ದೇಶಕಿ.

ಡಿಸೆಂಬರ್ 24ರ ಬೆಳಿಗ್ಗೆ ಇಲ್ಲಿ ಮನೆಮನೆಯಲ್ಲೂ ಟಿವಿ ಮುಂದೆ ಜನ. ನೋಡುವುದು ಮಾತ್ರ ನಾರ್ವೆಯ ಚಿತ್ರ ಅಲ್ಲ, 1973ರಲ್ಲಿ ಚೆಕ್ ಮತ್ತು ಪೂರ್ವ ಜರ್ಮನಿಯವರು ಸೇರಿ ಮಾಡಿದ ಸಿಂಡ್ರೆಲಾ ಕತೆ, ಮೂರು ಹೇಜಲ್ ಕಾಯಿಗಳದ್ದು. ವಿಚಿತ್ರ ಏನೆಂದರೆ ಸಿಂಡ್ರೆಲಾ, ಮಲತಾಯಿ, ರಾಜಕುಮಾರ, ಎಲ್ಲರ ಮಾತನ್ನೂ ಕ್ನುತ್ ರೀಸಾನ್ ಎಂಬ ಒಬ್ಬನೇ ಗಂಡಸು ನಾರ್ವೇಜಿಯನ್ ಭಾಷೆಯಲ್ಲಿ ಹೇಳುತ್ತಾನೆ. ಹಿಂದೆ ಚೆಕ್ ಮಾತು ಸಣ್ಣಗೆ ಕೇಳುತ್ತಲೇ ಇರುತ್ತದೆ. ಮೊದಲ ವರ್ಷ ನೋಡಿದಾಗ ನಮ್ಮ ಟಿವಿ ಕೆಟ್ಟಿದೆ ಎಂದುಕೊಂಡಿದ್ದೆ. ಅಮ್ಮನಿಗೆ ಹಾಗೇನೂ ಅನಿಸಲಿಲ್ಲ. "ಹರಿಕಥೆ ದಾಸರು ಸೀತೆ ಮಾತನ್ನೂ ಅವ್ರೇ ಆಡ್ತಾರೆ, ರಾವಣನ ಮಾತನ್ನೂ ಅವ್ರೇ ಆಡ್ತಾರೆ. ಅದ್ಕೇನಾಯ್ತು?" 1976ರ ಕ್ರಿಸ್‌ಮಸ್ ಚಿತ್ರ 'ರೈಸೆನ್ ತಿಲ್ ಯೂಲೆಸ್ಟ್ಯಾರ್ನೆನ್'ನಲ್ಲಿ ರಾಜ ಇದೇ ರೀಸಾನ್. ಮೇಳದ ಇನ್ನೊಬ್ಬ ಹಿರಿಯ.

ಅವತ್ತು ಮಧ್ಯಾಹ್ನ ಇಲ್ಲಿನವರ ಹಾಗೆ ಅಕ್ಕಿಯ ಗಂಜಿ ಮಾಡಿದೆವು. ಹಾಲಲ್ಲಿ ಬೇಯಿಸಿ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ, ಒಂದು ಗುಳಿ ತೋಡಿ ಬೆಣ್ಣೆ. ಅಮ್ಮ ರುಚಿ ನೋಡಿ ಎದ್ದು ಹೋಗಿ ಊರಿಂದ ತಂದ ಏಲಕ್ಕಿ ಜಜ್ಜಿ ಹಾಕಿದರು. ಆಗ ಮಗಳು ಹಾಡಲು ಶುರು ಮಾಡಿದಳು, 'ಕಾರ್ದೆಮೊಮ್ಮೆ' ಹಾಡು. ಕಾರ್ದೆಮೊಮ್ಮೆ ಅಂದರೆ ಏಲಕ್ಕಿ. ತೂರ್ಬ್ಯೋರ್ನ್ ಎಗ್ನರ್ 1955ರಲ್ಲಿ ಬರೆದ ಏಲಕ್ಕಿ ಪಟ್ಟಣದ ಕತೆ ಗೊತ್ತಿಲ್ಲದ ಮಗು ಇಲ್ಲಿ ಇಲ್ಲ. ನಾಟಕ ಆಯಿತು, 1988ರಲ್ಲಿ ಸಿನಿಮಾ ಆಯಿತು, 2022ರಲ್ಲಿ ಅನಿಮೇಷನ್ ಆಯಿತು. ಕ್ರಿಸ್ಟಿಯನ್‌ಸಾನ್ ಊರಿನ ಮೃಗಾಲಯದಲ್ಲಿ ಆ ಪಟ್ಟಣವನ್ನೇ ಕಟ್ಟಿ ನಿಲ್ಲಿಸಿದ್ದಾರೆ.

ಮೂವರು ಕಳ್ಳರು, ಅವರ ಮನೆಯಲ್ಲಿ ಒಂದು ಸಿಂಹ, ಮನೆ ತುಂಬ ಕಸ. ಗುಡಿಸಿ ಸಾರಿಸಲು ಒಬ್ಬರು ಬೇಕೆಂದು ಊರಿನ ಸೂಫಿ ಅತ್ತೆಯನ್ನು ರಾತ್ರೋರಾತ್ರಿ ಹೊತ್ತು ತರುತ್ತಾರೆ. ಎದ್ದ ಅತ್ತೆ ಕಳ್ಳರಿಗೇ ಪೊರಕೆ ಕೊಟ್ಟು, ಮುಖ ತೊಳೆಸಿ, ಬಯ್ದು ಬಯ್ದು ಹಣ್ಣು ಮಾಡುತ್ತಾಳೆ. ಸಾಕಾಗಿ ಕಳ್ಳರೇ ವಾಪಸ್ ಬಿಟ್ಟು ಬರುತ್ತಾರೆ. ಅಮ್ಮ ಇದನ್ನು ಎರಡು ಸಲ ಹಾಕಿಸಿ ನೋಡಿದರು. ಏಲಕ್ಕಿ ಊರಿನವರಲ್ವಾ, ಹಕ್ಕು ಇದೆ.

ಫೆಬ್ರವರಿಯಲ್ಲಿ ಅಮ್ಮ ಊರಿಗೆ ಹೋದರು. ಹೋದ ಭಾನುವಾರ ವಿಡಿಯೋ ಕಾಲ್ ಬಂತು. ಹಿಂದೆ ಅಂಗಳದಲ್ಲಿ ಅಡಿಕೆ ಹರವಿದ್ದು ಕಾಣುತ್ತಿತ್ತು. ಪಕ್ಕದಲ್ಲಿ ಅಪ್ಪ ಅಲಿಯಾಸ್ ಲುಡ್ವಿಗ್. ನಮ್ಮ ಆರೋಗ್ಯ, ಊಟ ಯಾವುದೂ ಕೇಳಲಿಲ್ಲ ಅಮ್ಮ. ಮೊಮ್ಮಗಳನ್ನು ಕರೆದು ಕೇಳಿದ್ದು ಒಂದೇ.

"ಆ ಟೋಪಿಯವ್ನು ಜೈಲಿಂದ ಹೊರಗೆ ಬಂದ್ನೇನೆ ಪುಟ್ಟಿ?"

"ನಿನ್ನೆ ಬಂದ ಅಜ್ಜಿ. ಒಂದು ಪ್ಲಾನ್ ಇದೆಯಂತೆ."

"ಹಂಗಾದ್ರೆ ಇವತ್ತು ರಾತ್ರಿಗೆ ಮತ್ತೆ ಒಳಗೆ" ಎಂದರು ಅಮ್ಮ.