ಕನ್ನಡಕದ ಪ್ಲಾಸ್ಟಿಕ್ಕಿನಲ್ಲಿ ಕ್ವಾರ್ಕ್ ಬೇಟೆ

ಕನ್ನಡಕದ ಮಸೂರಕ್ಕೆ ಬಳಸುವ ಸಿಆರ್-39 ಪ್ಲಾಸ್ಟಿಕ್ಕಿನ ಹಾಳೆಗಳನ್ನು ಬೊಲಿವಿಯಾದ ಚಕಲ್ತಾಯ ಪರ್ವತದಲ್ಲಿ, 5,230 ಮೀಟರ್ ಎತ್ತರದಲ್ಲಿ, ಸುಮಾರು ನಾಲ್ಕು ವರ್ಷ ಹರಡಿಟ್ಟಿದ್ದರಂತೆ. ಸ್ಲಿಮ್ ಎಂಬ ಪ್ರಯೋಗ ಅದು. ಮುಖ್ಯ ಗುರಿ ಏಕಧ್ರುವ ಕಾಂತ, ಅಂದರೆ ಒಂದೇ ಧ್ರುವವಿರುವ ಕಣ. ಜೊತೆಗೆ ಸ್ಟ್ರೇಂಜ್ ಕ್ವಾರ್ಕ್ (ಪ್ರೋಟಾನು, ನ್ಯೂಟ್ರಾನುಗಳೊಳಗಿನ ಕ್ವಾರ್ಕ್ ಎಂಬ ಮೂಲಕಣಗಳ ಇನ್ನೊಂದು ಬಗೆ) ಬೆರೆತ ದ್ರವ್ಯದ ತುಣುಕೂ ಸಿಕ್ಕೀತೆಂಬ ಆಸೆ. ಅಂಥದ್ದೊಂದು ಆಕಾಶದಿಂದ ಬಂದು ಹಾಳೆಯನ್ನು ತೂರಿಹೋದರೆ ಕಣ್ಣಿಗೆ ಕಾಣದ ಗಾಯ ಉಳಿಯುತ್ತದೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದಾಗ ಅದು ಗುಳಿಯಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಹುಡುಕುವುದು, 400ಕ್ಕೂ ಹೆಚ್ಚು ಚದರ ಮೀಟರ್! ನನಗೋ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೇ ಬೇಸರ.

ಒಂದೂ ಸಿಗಲಿಲ್ಲ. ಅಪೊಲೊ 11 ತಂದ ಚಂದ್ರನ ಮಣ್ಣಿನಲ್ಲಿ ಇದೇ ಸ್ಟ್ರೇಂಜ್ ದ್ರವ್ಯಕ್ಕಾಗಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾಲಾಡಿದವರೂ 2009ರಲ್ಲಿ ಇಲ್ಲವೆಂದೇ ವರದಿ ಮಾಡಿದರು. ಸಿಗದಿದ್ದರೂ ‘ಇದ್ದರೆ ಇಷ್ಟಕ್ಕಿಂತ ಹೆಚ್ಚಿರಲಾರದು’ ಎಂದು ಲೆಕ್ಕ ಕಟ್ಟಿ ಪ್ರಕಟಿಸುವ ಈ ಜನರ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು.