ಬಂಗಲೆ ಬಿಡಿ, ಹಿತ್ತಲಿಗೆ ಹೋಗಿ

ಜನವರಿಯಲ್ಲಿ ಎರಡು ದಿನ ಹಾಸನದಿಂದ ಸಕಲೇಶಪುರ, ಮೂಡಿಗೆರೆ, ಆಲ್ದೂರು ಹಾದು ಚಿಕ್ಕಮಗಳೂರಿನವರೆಗೆ ಸುತ್ತಿದೆವು. ಬಂಗಲೆಗಳನ್ನಲ್ಲ, ಕಾಫಿ ತೋಟಗಳ ಹಳೇ ಮನೆ, ಪಣತ, ಕಣಗಳನ್ನು ನೋಡಬೇಕಿತ್ತು, ಅಷ್ಟೇ.

ಮೊದಲ ರಾತ್ರಿಯೇ ಮೋಸ ಹೋದೆವು. ಹಳೇ ತೊಟ್ಟಿಮನೆ (ನಡುವೆ ತೆರೆದ ಅಂಗಳವಿರುವ ಮನೆ) ಅಂತ ಬುಕ್ ಮಾಡಿದ ಹೋಂಸ್ಟೇಯಲ್ಲಿ ಕಂಬಗಳೆಲ್ಲ ಸಿಮೆಂಟು, ಮೇಲೆ ಮರದ ಬಣ್ಣ! ನೀವು ದುಡ್ಡು ಕಟ್ಟುವ ಮೊದಲು ಅಟ್ಟದ ಫೋಟೋ ಕೇಳಿ. ಹೆಂಚು ಹೊರುವ ಮರದ ಪಟ್ಟಿಗಳು, ಅಂದರೆ ರೀಪು, ಪಕಾಸಿ, ಹೊಗೆ ಹಿಡಿದು ಕಪ್ಪಾಗಿದ್ದರೆ ನಂಬಬಹುದು.

ಮಾರನೇ ದಿನ ಮೂಡಿಗೆರೆ ಹತ್ತಿರ ಪರಿಚಯದವರ ಮನೆ. ಇದು ಅಸಲಿ. ನಾಲ್ಕೂ ಕಡೆಯ ಮಾಡು ಒಳಕ್ಕೇ ಇಳಿಜಾರು, ಮಳೆ ನೀರು ನಡುವಿನ ತೊಟ್ಟಿಗೆ ಬಿದ್ದು ಕಲ್ಲಿನ ದೋಣಿಯಲ್ಲಿ (ಕಾಲುವೆಯಲ್ಲಿ) ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಬೆಳಕಿಗೆ ಕೊರತೆಯಿಲ್ಲ. ಕೆಳಗೆ ಬಿದ್ದಿದ್ದ ಒಂದು ಹೆಂಚನ್ನು ಮಗುಚಿ ನೋಡಿದೆ. ಮಂಗಳೂರಿನ ಕಾರ್ಖಾನೆಯ ಹೆಸರು ಒತ್ತಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಅಲ್ಲಿ 1865ರಲ್ಲಿ ಹೆಂಚು ಶುರು ಮಾಡಿದ ಮೇಲೆ ನಮ್ಮ ಕಡೆಯ ಹುಲ್ಲಿನ ಮಾಡುಗಳು ಒಂದೊಂದಾಗಿ ಮಾಯವಾದವು.

ನನಗೆ ಜಾಸ್ತಿ ಹಿಡಿಸಿದ್ದು ಪಣತ. ಭತ್ತ ತುಂಬುವ ಮರದ ಕೋಣೆ, ನೆಲದಿಂದ ಒಂದು ಮೊಳ ಮೇಲಕ್ಕೆ ಎತ್ತಿ ಕಟ್ಟಿದ್ದು. ಇದಕ್ಕೆ ಬಾಗಿಲೇ ಇಲ್ಲ. ಎರಡು ಕಂಬಗಳಲ್ಲಿ ಕೊರೆದ ಗಾಡಿಯಲ್ಲಿ (ಉದ್ದನೆಯ ಸೀಳಿನಲ್ಲಿ) ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದ್ದಾರೆ, ಪ್ರತಿಯೊಂದರ ಮೇಲೂ ಉಳಿಯ ಗೀಟು. ನಾನು ಕೆಳಗಿನ ಹಲಗೆಗೆ ಕೈ ಹಾಕಿದ್ದೇ ತಡ, ಆ ಮನೆಯ ಅಜ್ಜಿ ನಕ್ಕರು. "ಮೇಲಿಂದ ತೆಗೀಬೇಕು ತಮ್ಮಾ, ಭತ್ತ ಇಳಿದ ಹಾಗೆ ಹಲಗೆ ಇಳೀತದೆ." ಈಗ ಅದರೊಳಗೆ ಕಾಳುಮೆಣಸಿನ ಚೀಲಗಳು.

ಕಾಫಿ ಒಣಗಿಸುವ ಕಣ ನೋಡಬೇಕಾದರೆ ಡಿಸೆಂಬರ್, ಜನವರಿಯೇ ಸರಿ. ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ, ಕಣದ ತುಂಬ ಹಣ್ಣು, ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಹೊಟ್ಟು ಇರುವ ಬೀಜ). ಸಗಣಿ ಸಾರಿಸಿದ ಕಣ ಅಪರೂಪ, ಈಗೆಲ್ಲ ಸಿಮೆಂಟು. ಚಪ್ಪಲಿ ಹಾಕಿಕೊಂಡು ಮಾತ್ರ ಕಾಲಿಡಬೇಡಿ, ನನ್ನ ಗೆಳೆಯ ಚೆನ್ನಾಗಿ ಬೈಸಿಕೊಂಡ. ಮಳೆಗಾಲದಲ್ಲಿ ಹೋದರೆ ತೊಟ್ಟಿಯ ಸೊಗಸು ಸಿಗುತ್ತದೆ, ಜೊತೆಗೆ ರಕ್ತ ಹೀರುವ ಇಂಬಳ (ಜಿಗಣೆ) ಕೂಡ.

ಇವೆಲ್ಲ ಜನ ಬದುಕುತ್ತಿರುವ ಮನೆಗಳು, ಅಲ್ವಾ? ಫೋನ್ ಮಾಡದೆ ಸುಮ್ನೆ ನುಗ್ಗಬೇಡಿ. ಕೂಲಿಯವರ ಲೈನ್ ಮನೆಗಳ (ಸಾಲು ಮನೆಗಳ) ಫೋಟೋ ತೆಗೆಯುವ ಮುಂಚೆ ಅವರನ್ನೇ ಕೇಳಿ. ಅಟ್ಟಕ್ಕೆ ಟಾರ್ಚ್ ಬೇಕೇ ಬೇಕು. ಬಾಗಿಲು ದಾಟುವಾಗ ತಲೆ ಬಗ್ಗಿಸಿ. ನಾನು ಒಂದೇ ಮನೆಯಲ್ಲಿ ಮೂರು ಸಲ ಹಣೆ ಹೊಡೆದುಕೊಂಡೆ.