ಗೋವಾದ ನೀರು ರಾಡಿ, ಮಸ್ಕತ್‌ನ ನೀರು ತಿಳಿ: ಯಾಕೆ?

ಮಸ್ಕತ್‌ನ ಸಮುದ್ರದ ಫೋಟೋ ಮನೆಯವರ ಗ್ರೂಪಿಗೆ ಹಾಕಿದರೆ ಸಾಕು, ಬೈಲಹೊಂಗಲದಿಂದ ಕಾಕಾನ ಪ್ರಶ್ನೆ ಬಂದೇ ಬರುತ್ತದೆ. "ತಮ್ಮಾ, ಅದೂ ಅರಬ್ಬಿ ಸಮುದ್ರನ, ನಮ್ಮ ಗೋವಾದ್ದೂ ಅರಬ್ಬಿ ಸಮುದ್ರನ. ಅಲ್ಲಿ ನೋಡಿದ್ರ ತಳಾ ಕಾಣತೈತಿ, ಇಲ್ಲಿ ಮೊಣಕಾಲಿನ ತನಕ ಇಳಿದ್ರ ಪಾದ ಕಾಣಂಗಿಲ್ಲ. ಯಾಕ?" ಅದರ ಕೆಳಗೇ ಅತ್ತಿಗೆಯ ಉತ್ತರ: "ನಮ್ಮ ಮಂದಿ ಹೊಲಸ ಮಾಡ್ಯಾರ, ಮತ್ತೇನ್ರಿ ಮಾವಾರ."

ಅತ್ತಿಗೆಯ ಮಾತನ್ನು ನಾನು ಒಪ್ಪುವುದಿಲ್ಲ. ದಂಡೆಯಲ್ಲಿ ಬಾಟಲಿ, ಪ್ಲಾಸ್ಟಿಕ್ ಎಸೆಯುವವರು ಇದ್ದಾರೆ, ಅದು ಬೇರೆ ಸಂಕಟ. ಆದರೆ ಗೋವಾದ ನೀರು ಮಣ್ಣಿನ ಬಣ್ಣಕ್ಕೆ ತಿರುಗುವುದು ಮಣ್ಣಿನಿಂದಲೇ. ಅದರಲ್ಲಿ ಒಂದಷ್ಟು ಮಣ್ಣು ನಮ್ಮ ಬೆಳಗಾವಿ ಜಿಲ್ಲೆಯದು. ನಾವಿರುವುದು ಒಮಾನ್ ದೇಶದ ಮಸ್ಕತ್‌ನಲ್ಲಿ. ಇಲ್ಲಿ ಶುಕ್ರವಾರ ಬಂತೆಂದರೆ ಕಡಲ ದಂಡೆಗೆ ಹೋಗುವುದು ನಮಗೆ ರೂಢಿ. ನೋಡುತ್ತಾ, ಓದುತ್ತಾ, ಗೊತ್ತಿದ್ದವರನ್ನು ಕೇಳುತ್ತಾ ತಿಳಿದದ್ದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀಲಿಯ ವಿಷಯ. ಲೋಟದ ನೀರಿಗೆ ಬಣ್ಣ ಕಾಣುವುದಿಲ್ಲ. ಆದರೆ ನೀರು ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಲೋಟದಷ್ಟು ನೀರಿನಲ್ಲಿ ಅದು ಗೊತ್ತಾಗುವುದಿಲ್ಲ. ಹತ್ತು ಮೀಟರ್ ಇಳಿಯುವುದರೊಳಗೆ ಕೆಂಪು ಹೆಚ್ಚುಕಮ್ಮಿ ಮುಗಿದಿರುತ್ತದೆ. ಉಳಿದ ನೀಲಿ ಚದುರಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಆಕಾಶದ ಬಿಂಬ ಬಿದ್ದು ಸಮುದ್ರ ನೀಲಿ ಕಾಣುತ್ತದೆ ಅಂತ ಕೇಳಿಕೊಂಡು ಬೆಳೆದವರೇ ಜಾಸ್ತಿ, ಅಲ್ವಾ? 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ವಾಪಸ್ ಬರುವಾಗ ಇದನ್ನೇ ಪರೀಕ್ಷೆ ಮಾಡಿದರು. ಜೊತೆಗಿದ್ದ ನಿಕೋಲ್ ಪ್ರಿಸಂ ಹಿಡಿದು, ಬಿಂಬದ ಬೆಳಕನ್ನು ತಡೆದು ನೋಡಿದರು. ಬಿಂಬ ಹೋದ ಮೇಲೂ ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಎದ್ದು ಕಂಡಿತು. ಅದರ ಬೆನ್ನು ಹತ್ತಿಯೇ ಅವರು 1928ರ ಫೆಬ್ರುವರಿ 28ರ ರಾಮನ್ ಪರಿಣಾಮದವರೆಗೆ ಹೋದರು.

ಅಂದರೆ ನೀಲಿ ನೀರಿನ ಸ್ವಂತ ಬಣ್ಣ. ಬೇರೆ ಬಣ್ಣ ಕಂಡರೆ ನೀರಿನೊಳಗೆ ಏನೋ ಸೇರಿದೆ, ಇಲ್ಲವೇ ತಳದಲ್ಲಿ ಏನೋ ಇದೆ.

ಮಸ್ಕತ್ ಇರುವುದು ಅರಬ್ಬಿ ಸಮುದ್ರದ ಅಂಗವಾದ ಒಮಾನ್ ಕೊಲ್ಲಿಯ ದಂಡೆಯಲ್ಲಿ. ಮಲಪ್ರಭೆ, ಘಟಪ್ರಭೆಯಂಥ ಹೊಳೆ ಈ ದೇಶದಲ್ಲಿ ಇಲ್ಲ. ಇರುವುದು ವಾದಿಗಳು. ಅವುಗಳಲ್ಲಿ ಹೆಚ್ಚಿನವು ಮಳೆ ಬಂದಾಗ ಮಾತ್ರ ತುಂಬಿ ಹರಿಯುವ ಒಣ ಹಳ್ಳಗಳು. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ಸಮುದ್ರಕ್ಕೆ ಮಣ್ಣು ತಂದು ಹಾಕುವವರೇ ಇಲ್ಲ.

ಆದರೂ ಒಂದೇ ಊರಿನಲ್ಲಿ ದಂಡೆಯಿಂದ ದಂಡೆಗೆ ನೀರು ಬೇರೆ. ಕುರುಮ್‌ನಲ್ಲಿ ಮರಳು ಚಪ್ಪಟೆಯಾಗಿ ಹಾಸಿದೆ, ಬಹಳ ದೂರದವರೆಗೆ ಆಳವಿಲ್ಲ. ಪಕ್ಕದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಡು, ವಾದಿಯ ಬಾಯಿ. ಅಲೆ ಬಂದಾಗಲೆಲ್ಲ ಸಣ್ಣ ಮರಳು, ಕೆಸರು ಏಳುತ್ತದೆ. ನೀರು ಮಬ್ಬು. ಗುಡ್ಡ ದಾಟಿ ಬಂದರ್ ಖೈರಾನ್ ಕಡೆಗೆ ಹೋದರೆ ಬಂಡೆಗಳು ನೇರ ನೀರಿಗೆ ಇಳಿದಿವೆ. ಏಳಲು ಅಲ್ಲಿ ಸಣ್ಣ ಮಣ್ಣು ಕಮ್ಮಿ.

ಅಲ್ಲಿ ದೋಣಿಯಲ್ಲಿ ಕೂತು ಒಂದು ಬಿಳಿ ತಟ್ಟೆಗೆ ಮೂರು ಕಡೆ ದಾರ ಹಾಕಿ, ಅಡಿಗೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಮೊದಲು ತಟ್ಟೆ ಬೆಳ್ಳಗೇ ಇತ್ತು. ಆಮೇಲೆ ಹಸಿರು ಛಾಯೆ ಬಂತು, ಆಮೇಲೆ ನೀಲಿ. ಅಂಚು ಕರಗುತ್ತಾ ಹೋಗಿ ಕೊನೆಗೆ ತಟ್ಟೆ ಎಲ್ಲಿದೆ ಅಂತ ಹೇಳಲು ಆಗಲಿಲ್ಲ. ಅಲ್ಲಿ ದಾರಕ್ಕೆ ಒಂದು ಗಂಟು ಹಾಕಿದೆವು. ಅದೇ ತಟ್ಟೆ ಕುರುಮ್‌ನಲ್ಲಿ ಸೊಂಟದವರೆಗಿನ ನೀರಿನಲ್ಲೇ ಮಾಯ. ಸುಮ್ನೆ ಆಟ ಅನ್ನಬೇಡಿ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಹೀಗೇ ಬಿಳಿ ತಟ್ಟೆ ಇಳಿಬಿಟ್ಟು ನೋಡಿದರು. ಇವತ್ತಿಗೂ ನೀರಿನ ತಿಳಿ ಅಳೆಯಲು ಸೆಕ್ಕಿ ತಟ್ಟೆ ಬಳಕೆಯಲ್ಲಿದೆ.

ಮಳೆ ಬಂದ ದಿನ ಈ ನೀಲಿ ಸಮುದ್ರ ನೋಡಬೇಕು. ವಾದಿ ತುಂಬಿ ಬಂದರೆ ಕುರುಮ್‌ನ ನೀರು ಮಲಪ್ರಭೆಗೆ ಹೊಸ ನೀರು ಬಂದಾಗಿನ ಬಣ್ಣಕ್ಕೆ ತಿರುಗುತ್ತದೆ. ದಂಡೆಯಿಂದ ಸ್ವಲ್ಪ ದೂರದಲ್ಲಿ ಗೆರೆ ಎಳೆದ ಹಾಗೆ ಇತ್ತ ಕಂದು, ಅತ್ತ ನೀಲಿ. ಆ ಫೋಟೋ ಕಳಿಸಿದೆ. "ಇದು ಗೋವಾ ಅಲ್ಲೇನೋ?" ಅಂದರು ಕಾಕಾ.

ಇಲ್ಲಿ ಒಂದೆರಡು ದಿನ ಆಗುವುದು ಗೋವಾದಲ್ಲಿ ನಾಲ್ಕು ತಿಂಗಳು ನಡೆಯುತ್ತದೆ. ಪಣಜಿಯ ಹತ್ತಿರ ಸಮುದ್ರ ಸೇರುವ ಮಾಂಡೋವಿ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಭೀಮಗಡದ ಕಾಡಿನಲ್ಲಿ ಎಲೆ ಕೊಳೆತ ನೀರು, ಘಟ್ಟದ ಕೆಂಪು ಮಣ್ಣು, ದಾರಿಯುದ್ದದ ಗದ್ದೆಗಳ ಕೆಸರು ಎಲ್ಲ ಸೇರಿ ಮೀರಾಮಾರ್ ದಂಡೆಯ ಮುಂದೆ ಬಂದು ಬೀಳುತ್ತದೆ. ಕೊಳೆತ ಎಲೆ ಬಿಡುವ ಹಳದಿ ಕಂದು ಬಣ್ಣ ಇದೆಯಲ್ಲ, ಅದು ಉಳಿದ ನೀಲಿಯನ್ನೂ ನುಂಗಿಬಿಡುತ್ತದೆ. ಕಾರವಾರದಲ್ಲಿ ಕಾಳಿ ನದಿ, ಕುಮಟಾ ಕಡೆ ಅಘನಾಶಿನಿ ಮಾಡುವುದೂ ಇದೇ ಕೆಲಸ.

ಮರಳು ಬೇಗ ತಳ ಸೇರುತ್ತದೆ. ಜೇಡಿಮಣ್ಣಿನ ಕಣ ಹಾಗಲ್ಲ. ಅಲುಗಾಡದ ನೀರಿನಲ್ಲೂ ಒಂದು ಮೀಟರ್ ಇಳಿಯಲು ಅದಕ್ಕೆ ದಿನಗಟ್ಟಲೆ ಬೇಕು. ಹೊಳೆಯ ರಾಡಿ ನೀರಿನ ಕೊಡದಲ್ಲಿ ಅವ್ವ ಪಟಿಕ ತಿರುಗಿಸುತ್ತಿದ್ದಳಲ್ಲ, ಸಮುದ್ರದಲ್ಲಿ ಆ ಕೆಲಸವನ್ನು ಉಪ್ಪು ಮಾಡುತ್ತದೆ. ಸಿಹಿ ನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತಿದ್ದ ಕಣಗಳು ಉಪ್ಪು ನೀರು ಸೇರಿದ ಮೇಲೆ ಗುಂಪುಗೂಡಿ, ಭಾರವಾಗಿ ಕೆಳಗಿಳಿಯುತ್ತವೆ. ಅದಕ್ಕೇ ನದಿಯ ಬಾಯಿಯ ಸುತ್ತ ಕೆಸರು ಜಾಸ್ತಿ, ದೂರ ಹೋದಂತೆ ಕಮ್ಮಿ. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಗೋವಾದ ನೀರೂ ತಿಳಿಯಾಗುತ್ತದೆ. ಬೆಳಗಾವಿಯ ಹುಡುಗರು ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಮಾಲ್ವಣಕ್ಕೆ ಹೋಗಿ ನೀರಿನೊಳಗೆ ಮುಳುಗಿ ಮೀನು ನೋಡಿ ಬರುತ್ತಾರಲ್ಲ, ಜುಲೈನಲ್ಲಿ ಹೋದರೆ ಅದೇ ಜಾಗದಲ್ಲಿ ಏನೂ ಕಾಣುವುದಿಲ್ಲ.

ಅದೇ ಖಾನಾಪುರ ತಾಲ್ಲೂಕಿನ ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಾತ್ರ ಪೂರ್ವಕ್ಕೆ ತಿರುಗುತ್ತದೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ನವಿಲುತೀರ್ಥ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ. ಬೈಲಹೊಂಗಲದ ಎರೆಮಣ್ಣು ಬಹಳಷ್ಟು ಆ ಅಣೆಕಟ್ಟುಗಳ ಹಿಂದೆಯೇ ಉಳಿಯುತ್ತದೆ. ನದಿ ಮಣ್ಣು ತರುವುದು ಕಮ್ಮಿಯಾದರೆ ನದೀಮುಖದ ನೆಲವನ್ನು ಸಮುದ್ರ ತಿನ್ನಲು ಶುರು ಮಾಡುತ್ತದೆ. ಕೃಷ್ಣೆಯ ಮುಖಜ ಭೂಮಿಯಲ್ಲಿ ಅದು ನಡೆಯುತ್ತಿದೆ. ರಾಡಿ ನೀರನ್ನು ಬೈಯುವಾಗ ಇದನ್ನೂ ನೆನಪಿಡಬೇಕು.

ಹಸಿರು ನೀರಿಗೆ ಕಾರಣ ಬೇರೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಅದು. ಗಿಡದ ಎಲೆಯಲ್ಲಿರುವ ಪತ್ರಹರಿತ್ತೇ ಅದರಲ್ಲೂ ಇದೆ. ನೀಲಿ, ಕೆಂಪು ಎರಡನ್ನೂ ಹೀರಿ ಹಸಿರನ್ನು ಬಿಟ್ಟುಕೊಡುತ್ತದೆ. ಕನಕುಂಬಿಗೆ ಮುಂಗಾರು ತರುವ ನೈಋತ್ಯ ಗಾಳಿ ಒಮಾನಿನ ದಕ್ಷಿಣದ ಸಲಾಲಾದಲ್ಲಿ ಮೇಲ್ಮೈ ನೀರನ್ನು ದಂಡೆಯಿಂದ ಹೊರಕ್ಕೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ಕಾಲಕ್ಕೆ ಇಲ್ಲಿಯವರು ಖರೀಫ್ ಅನ್ನುತ್ತಾರೆ. ಪಾಚಿ ಬೆಳೆದು ಸಮುದ್ರ ಹಸಿರಾಗುತ್ತದೆ, ಮುಂದೆ ಆ ಕಡೆ ಮೀನು ಹೇರಳ ಸಿಗಲು ಅದೇ ಆಧಾರ. ಇಲ್ಲಿ ನನಗೊಬ್ಬ ಭಟ್ಕಳದ ಗೆಳೆಯ ಇದ್ದಾನೆ, ಮೀನುಗಾರರ ಮನೆಯವನು. "ತಿಳಿ ನೀರು ಫೋಟೋಕ್ಕೆ ಚಂದ ಮಾರಾಯಾ, ಬಲೆಗೆ ಏನೂ ಬೀಳುದಿಲ್ಲ" ಅನ್ನುತ್ತಾನೆ. ಅವನ ಮಾತು ಸರಿ. ಇಂಥ ಬಿಸಿ ಪ್ರದೇಶದಲ್ಲಿ ಕನ್ನಡಿಯಂತೆ ತಿಳಿ ಇರುವ ನೀರಿನಲ್ಲಿ ಮೀನಿಗೆ ತಿನ್ನಲು ಇರುವುದೇ ಕಮ್ಮಿ.

ಪಾಚಿ ಅತಿಯಾದರೂ ಕಷ್ಟ. ಚಳಿಗಾಲದ ಕೊನೆಗೆ ನಾಕ್ಟಿಲೂಕ ಅನ್ನುವ ಸೂಕ್ಷ್ಮಜೀವಿ ಹಬ್ಬಿ ಇಲ್ಲಿಯ ನೀರು ದಟ್ಟ ಹಸಿರಾಗುತ್ತದೆ. 2008-09ರಲ್ಲಿ ಬೇರೊಂದು ಜಾತಿಯ ಪಾಚಿ ಈ ಕೊಲ್ಲಿಯಲ್ಲಿ ತಿಂಗಳುಗಟ್ಟಲೆ ಹಬ್ಬಿ ನೀರು ಕೆಂಪು ಕಂದಾಗಿತ್ತು. ಮೀನು ಸತ್ತವು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳನ್ನೂ ನಿಲ್ಲಿಸಬೇಕಾಯಿತು. ನಮ್ಮ ನಲ್ಲಿಗೆ ಬರುವುದು ಅಂಥ ಸ್ಥಾವರದ ನೀರು. ಹೀಗಾಗಿ ಸಮುದ್ರದ ಬಣ್ಣ ಬದಲಾದರೆ ಇಲ್ಲಿ ಅಡುಗೆಮನೆಯವರೆಗೂ ಚಿಂತೆ.

ತಳದ ಮರಳಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಲಕ್ಷದ್ವೀಪದಲ್ಲಿ ನದಿ ಇಲ್ಲ, ತಳದಲ್ಲಿ ಹವಳದ ಬಿಳಿ ಮರಳು. ಬೆಳಕು ತಳಕ್ಕೆ ಬಡಿದು ವಾಪಸ್ ಬಂದು ನೀರು ತಿಳಿ ಹಸಿರು ನೀಲಿಯಾಗಿ ಹೊಳೆಯುತ್ತದೆ. ಕಾರವಾರದ ಹತ್ತಿರ ಮಾಜಾಳಿಯ ತಿಳ್ಮಾತಿ ದಂಡೆಯಲ್ಲಿ ಮರಳು ಕಪ್ಪು, ಅದು ಬೆಳಕನ್ನು ಹೀರುತ್ತದೆ. ಅಲ್ಲಿ ಅದೇ ನೀರು ಕಪ್ಪಾಗಿ ಕಾಣುತ್ತದೆ.

ಇನ್ನು ಅತ್ತಿಗೆಗೆ ಒಂದು ಮಾತು. ತಿಳಿ ನೀರೆಲ್ಲ ಶುದ್ಧ ನೀರೂ ಅಲ್ಲ. ಚರಂಡಿಯಿಂದ ಬಂದ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಮಳೆ ಬಿದ್ದ ಮೇಲೆ ಊರಿನ ಮೋರಿ ಸೇರುವ ಜಾಗದಲ್ಲಿ ಎಲ್ಲಿಯ ಸಮುದ್ರವಾದರೂ ಒಂದೆರಡು ದಿನ ಇಳಿಯದಿರುವುದೇ ಒಳ್ಳೆಯದು.

ಡಿಸೆಂಬರ್‌ನಲ್ಲಿ ಅಣ್ಣ ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿದ್ದಾರೆ. ತಿಳಿ ನೀರು ಬೇಕಾದರೆ ನದಿಯ ಬಾಯಿಯಿಂದ ದೂರದ ದಂಡೆ ಆರಿಸಿ, ಬೆಳಿಗ್ಗೆಯೇ ಹೋಗಿ ಅಂದಿದ್ದೇನೆ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಅಲೆ ಮರಳು ಎಬ್ಬಿಸುತ್ತದೆ. ನದಿಯ ಹತ್ತಿರವೇ ಇರುವುದಾದರೆ ಭರತ ಏರುವ ಹೊತ್ತು ನೋಡಿಕೊಳ್ಳಿ, ಆಗ ಹೊರಗಿನ ತಿಳಿ ನೀರು ಒಳಗೆ ಬರುತ್ತದೆ.

ಬಣ್ಣ ನೋಡಲು ಕಲಿಯಬೇಕಾದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಕಡೆಯವರಿಗೆ ಈಜು ಬಂದರೂ ಅದು ಬಾವಿ, ಕೆರೆ, ಕಾಲುವೆಯ ಈಜು. ನೊರೆ ಏಳುವ ಅಲೆಗಳ ನಡುವೆ ಒಂದು ಕಡೆ ಅಲೆ ಒಡೆಯದೆ, ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಂಡರೆ ಮಕ್ಕಳನ್ನು ಅಲ್ಲೇ ಬಿಡೋಣ ಅನ್ನಿಸುತ್ತದೆ. ಅದೇ ಅಪಾಯದ ಜಾಗ. ದಂಡೆಗೆ ನುಗ್ಗಿದ ನೀರು ವಾಪಸ್ ಹೋಗುವ ದಾರಿ ಅದು. ಕೆಲವು ಸಲ ಮರಳು ಬೆರೆತ ಕಂದು ಪಟ್ಟೆ ಸಮುದ್ರದ ಕಡೆಗೆ ಚಾಚಿರುತ್ತದೆ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ಎದುರು ಈಜಬಾರದು, ದಂಡೆಯ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಕೆಂಪು ಬಾವುಟ ಇದ್ದಲ್ಲಿ ಇಳಿಯಲೇಬಾರದು. ಕೆಂಪು ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ. ನೀರು ಎಷ್ಟೇ ನೀಲಿ ಇರಲಿ, ಮಕ್ಕಳು ಇಳಿಯುವುದು ಆ ಬಾವುಟಗಳ ನಡುವೆ ಮಾತ್ರ ಅಂತ ಅಣ್ಣನಿಂದ ಮಾತು ತೆಗೆದುಕೊಂಡಿದ್ದೇನೆ.